ಗಡ್ಡ ಬಿಟ್ಟ ಎಲ್ಫ್

'ಲಾರ್ಡ್ ಆಫ್ ದ ರಿಂಗ್ಸ್' ಪುಸ್ತಕದ ಮ್ಯಾಪು ಬಿಡಿಸಿದ ಕೂಡಲೇ ಎಲ್ಲರ ಕಣ್ಣೂ ಹೋಗೋದು ಬಲಗಡೆಗೆ. ಅಲ್ಲಿ ಮೊರ್ಡೋರ್ ಇದೆ, ಬೆಂಕಿ ಕಾರುವ ಬೆಟ್ಟ ಇದೆ, ಉಂಗುರ ಹಾಕಬೇಕಾದ ಜಾಗ ಇದೆ. ಕತೆಯೆಲ್ಲಾ ಓಡೋದೇ ಆ ಕಡೆಗೆ. ಎಡತುದಿಯನ್ನು ಯಾರೂ ನೋಡೋಲ್ಲ. ಅಲ್ಲಿ ಸಮುದ್ರ ನೆಲದೊಳಗೆ ಉದ್ದಕ್ಕೆ ನಾಲಿಗೆ ಚಾಚಿದ ಹಾಗೆ ಒಂದು ಕೊಲ್ಲಿ, ಅದರ ಮೂಲೆಯಲ್ಲಿ ಒಂದು ಪುಟ್ಟ ಬಂದರು. ಎಲ್ಫ್‌ಗಳ ಭಾಷೆಯಲ್ಲಿ ಮಿಥ್ಲೋಂಡ್, ಇಂಗ್ಲಿಷಿನಲ್ಲಿ ಗ್ರೇ ಹೇವನ್ಸ್. ಬೂದುಬಣ್ಣದ ಬಂದರು ಅಂದುಕೊಳ್ಳಿ. ಸಾವಿರ ಪುಟದ ಕಾದಂಬರಿಯಲ್ಲಿ ಈ ಊರಿಗೆ ಸಿಕ್ಕಿರೋದು ಕಟ್ಟಕಡೆಯ ಕೆಲವೇ ಕೆಲವು ಪುಟ.

ಆ ಪುಟಗಳಲ್ಲಿ ಒಬ್ಬ ಮುದುಕ ಬಾಗಿಲಿಗೆ ಬಂದು ಅತಿಥಿಗಳನ್ನು ಎದುರುಗೊಳ್ಳುತ್ತಾನೆ. ಹೆಸರು ಕೀರ್ದಾನ್. ಎತ್ತರದ ಆಳು, ಬೂದು ಕೂದಲು, ಉದ್ದ ಗಡ್ಡ. ಎಲ್ಲಾ ಸಿದ್ಧವಾಗಿದೆ ಅಂತ ಒಂದೇ ಮಾತು ಹೇಳಿ ಹಡಗು ಇರುವ ಕಡೆಗೆ ಕರಕೊಂಡು ಹೋಗ್ತಾನೆ. ಅಷ್ಟೇ ಅವನ ಪಾತ್ರ. 2003ರಲ್ಲಿ ಬಂದ ಸಿನಿಮಾದಲ್ಲಿ ಆ ಒಂದು ಮಾತೂ ಇಲ್ಲ. ಎಲ್‌ರಾಂಡ್ ಮತ್ತು ಗಲಾಡ್ರಿಯಲ್ ಜೊತೆಗೆ ಸುಮ್ಮನೆ ನಿಂತಿರ್ತಾನೆ. ನಾವು ಫ್ರೋಡೋಗಾಗಿ ಕಣ್ಣೊರೆಸಿಕೊಳ್ಳೋದರಲ್ಲಿ ಬ್ಯುಸಿಯಾಗಿದ್ದು ಅವನನ್ನು ಗಮನಿಸಿಯೇ ಇರಲ್ಲ.

ಮೂರನೇ ಸಲ ಓದುವಾಗ ನಾನು ಆ ಗಡ್ಡದ ಹತ್ತಿರ ನಿಂತುಬಿಟ್ಟೆ. ಇಡೀ 'ಲಾರ್ಡ್ ಆಫ್ ದ ರಿಂಗ್ಸ್'ನಲ್ಲಿ ಗಡ್ಡ ಇರುವ ಎಲ್ಫ್ ಇವನೊಬ್ಬನೇ. ಎಲ್ಫ್‌ಗಳಿಗೆ ಸಾವಿಲ್ಲ. ಸಾವಿರಾರು ವರ್ಷ ಬದುಕಿದ ಗಲಾಡ್ರಿಯಲ್ ಮುಖದಲ್ಲಿ ವಯಸ್ಸಿನ ಗುರುತಿಲ್ಲ. ಎಲ್‌ರಾಂಡ್ ಮುದುಕನೂ ಅಲ್ಲ, ಯುವಕನೂ ಅಲ್ಲ. ಹಾಗಿರುವಾಗ ಇವನೊಬ್ಬ ಮಾತ್ರ ಯಾಕೆ ಮುದುಕನಾದ? ಈ ಬರಹ ಆ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದು. ದಾರಿ ಸ್ವಲ್ಪ ಸುತ್ತು, ಜೊತೆಗೆ ಬನ್ನಿ.

*

ಮೊದಲು ಕುಟುಂಬದ ಕತೆ. ಇದು 'ಲಾರ್ಡ್ ಆಫ್ ದ ರಿಂಗ್ಸ್'ನಲ್ಲಿ ಇಲ್ಲ. ಟೋಲ್ಕಿನ್ ತೀರಿಕೊಂಡಿದ್ದು 1973ರಲ್ಲಿ. ನಾಲ್ಕು ವರ್ಷ ಆದಮೇಲೆ, 1977ರಲ್ಲಿ, ಮಗ ಕ್ರಿಸ್ಟೋಫರ್ ಅಪ್ಪನ ಹಸ್ತಪ್ರತಿಗಳನ್ನು ಸೇರಿಸಿ 'ಸಿಲ್ಮರಿಲಿಯನ್' ಪ್ರಕಟಿಸಿದ. ಹಿಂದಿನ ಯುಗಗಳ ಕತೆಯೆಲ್ಲಾ ಅದರಲ್ಲಿದೆ. ಹೆಸರುಗಳ ಕಾಟಕ್ಕೆ ಹೆದರಿ ಅರ್ಧಕ್ಕೇ ಬಿಟ್ಟವರು ನಮ್ಮ ನಡುವೆ ಬಹಳ ಜನ ಇದ್ದೀರಿ, ನಾಚಿಕೆ ಬೇಡ, ನಾನೂ ಎರಡು ಸಲ ಬಿಟ್ಟವನೇ.

ಸಂಕ್ಷಿಪ್ತವಾಗಿ ಹೀಗೆ. ಕಡಲಾಚೆ ಪಶ್ಚಿಮದಲ್ಲಿ ದೇವತೆಗಳ ನಾಡಿದೆ. ಅಲ್ಲಿಗೆ ಬನ್ನಿ, ಸುರಕ್ಷಿತವಾಗಿ ಇರಿ ಅಂತ ಎಲ್ಫ್‌ಗಳಿಗೆ ಕರೆ ಬರುತ್ತೆ. ಹೊರಟ ಮೂರು ಕುಲಗಳಲ್ಲಿ ಅತಿ ದೊಡ್ಡದು, ಅತಿ ನಿಧಾನದ್ದು ತೆಲೆರಿಗಳದ್ದು. ಅದಕ್ಕೆ ಇಬ್ಬರು ನಾಯಕರು, ಅಣ್ಣತಮ್ಮಂದಿರು, ಎಲ್ವೆ ಮತ್ತು ಓಲ್ವೆ. ದಾರಿಯಲ್ಲಿ ಎಲ್ವೆ ಒಂದು ಕಾಡಿನಲ್ಲಿ ಮಾಯವಾಗ್ತಾನೆ. ಎಷ್ಟು ಹುಡುಕಿದರೂ ಇಲ್ಲ. ಕೊನೆಗೆ ಓಲ್ವೆ ಸಿಕ್ಕಷ್ಟು ಜನರನ್ನು ಕರಕೊಂಡು ಕಡಲು ದಾಟಿಬಿಡ್ತಾನೆ.

ಆ ದಿನ ದಡ ಮುಟ್ಟೋದು ತಡವಾದವನು ಕೀರ್ದಾನ್. ಅವನೂ ಇದೇ ಮನೆತನದವನು, ಎಲ್ವೆಯ ಬಂಧು. ಕಳೆದುಹೋದ ಎಲ್ವೆಯನ್ನು ಹುಡುಕುತ್ತಾ ಹಿಂದೆ ಉಳಿದವನು. ಟೋಲ್ಕಿನ್ ಬದುಕಿನ ಕೊನೇ ವರ್ಷಗಳಲ್ಲಿ ಅವನ ಬಗ್ಗೆ ಒಂದು ಟಿಪ್ಪಣಿ ಬರೆದ. ಅದು ಅಚ್ಚಾಗಿದ್ದು 1996ರಲ್ಲಿ. ಅದರ ಪ್ರಕಾರ ದಡಕ್ಕೆ ಬಂದಾಗ ಕೀರ್ದಾನ್‌ಗೆ ಕಂಡಿದ್ದು ತನ್ನವರು ದೂರ ಹೋಗ್ತಾ ಇದ್ದ ದೃಶ್ಯ. ಒಬ್ಬನೇ ಆದರೂ ಹಡಗು ಕಟ್ಟಿಕೊಂಡು ಹಿಂದೆ ಹೋಗ್ತೀನಿ ಅಂತ ಹಟ ಹಿಡಿಯುತ್ತಾನೆ. ಆಗ ಮನಸ್ಸಿನೊಳಗೆ ಒಂದು ಎಚ್ಚರಿಕೆ: ಈಗ ಹೋಗಬೇಡ, ನಿನ್ನ ಕೆಲಸ ಇಲ್ಲಿದೆ, ಅದಕ್ಕೊಂದು ಕಾಲ ಬರುತ್ತೆ. ಅವನು ನಿಲ್ಲುತ್ತಾನೆ. ಎಷ್ಟು ಕಾಲ? ಮೂರು ಯುಗ ಮುಗಿಯುವ ತನಕ.

ಹಾಗಾಗಿ ಒಂದೇ ಮನೆತನ ಎರಡು ದಡಗಳಲ್ಲಿ ಎರಡು ಬಂದರು ಕಟ್ಟಿಕೊಂಡಿತು. ಆ ಕಡೆ ದಡದಲ್ಲಿ ದೇವತೆಗಳ ಕಾವಲಿನ ಒಳಗೆ ಓಲ್ವೆಯ ಮನೆ. ಈ ಕಡೆ ದಡದಲ್ಲಿ, ಎಲ್ಲಾ ಅಪಾಯಗಳ ನಡುವೆ ಕೀರ್ದಾನ್.

ಓಲ್ವೆಯ ಊರಿನ ಹೆಸರು ಆಲ್ಕ್ವಲೋಂದೆ, ಹಂಸಗಳ ಬಂದರು. ಟೋಲ್ಕಿನ್ ಇಷ್ಟು ಪ್ರೀತಿಯಿಂದ ಚಿತ್ರಿಸಿದ ಊರುಗಳು ಕಡಿಮೆ. ಒಳಗೆ ಹೋಗೋಕೆ ಕಡಲೇ ಕೊರೆದ ಬಂಡೆಯ ಕಮಾನು. ಮುತ್ತಿನ ಮಹಲುಗಳು. ಪಕ್ಕದ ನೋಲ್ದೋರ್ ಕುಲದವರು ಕೊಟ್ಟ ರತ್ನಗಳನ್ನು ಈ ಜನ ಪೆಟ್ಟಿಗೆಯಲ್ಲಿ ಇಡಲಿಲ್ಲ, ಮರಳಿನ ಮೇಲೆ ಚೆಲ್ಲಿದರು. ಹಡಗುಗಳು ಹಂಸದ ಆಕಾರದವು, ಕೊಕ್ಕು ಚಿನ್ನದ್ದು. ಹೊರಗಿನ ಲೋಕದಲ್ಲಿ ಏನೇನೋ ಆಗ್ತಾ ಇದೆ, ಇವರಿಗೆ ಅದರ ಗೊಡವೆಯಿಲ್ಲ. ತೊಂದರೆ ಕೊಡೋದಿಲ್ಲ, ತೊಂದರೆ ತಗೊಳೋದೂ ಇಲ್ಲ.

ಕಾಲೇಜಿನಲ್ಲಿ ಮೊದಲ ಸಲ ಓದಿದಾಗ ನನಗೆ ಅಲ್ಲೇ ಇದ್ದುಬಿಡೋಣ ಅನ್ನಿಸಿತ್ತು. ಈಗಲೂ ಅನ್ನಿಸುತ್ತೆ, ಸುಳ್ಳು ಯಾಕೆ ಹೇಳಲಿ.

*

ಆ ಸುಖ ಮುಗಿಯೋದು ಒಂದು ಕೋರಿಕೆಯಿಂದ. ಮೊರ್ಗೋತ್ ಅನ್ನುವ ದುಷ್ಟ, ನೋಲ್ದೋರ್‌ಗಳ ರಾಜನನ್ನು ಕೊಂದು, ಅವನ ಮಗ ಫೆಯನೋರ್ ಮಾಡಿದ ಸಿಲ್ಮರಿಲ್ ಅನ್ನುವ ಮೂರು ಮಣಿಗಳನ್ನು ಕದ್ದು ಓಡಿಹೋಗಿದ್ದಾನೆ. ಬೆನ್ನಟ್ಟಲು ಫೆಯನೋರ್‌ಗೆ ಹಡಗು ಬೇಕು. ಓಲ್ವೆಯನ್ನು ಕೇಳ್ತಾನೆ. ಓಲ್ವೆ ಕೊಡಲ್ಲ ಅಂತಾನೆ. ಗೆಳೆಯ ತಪ್ಪು ದಾರಿ ಹಿಡಿದಾಗ ತಡೆಯೋದೂ ಗೆಳೆತನವೇ ಅನ್ನೋದು ಅವನ ವಾದ. ಜೊತೆಗೆ ಇನ್ನೊಂದು: ನಿಮಗೆ ನಿಮ್ಮ ರತ್ನಗಳು ಹೇಗೋ ನಮಗೆ ನಮ್ಮ ಹಡಗುಗಳು ಹಾಗೆ, ಇಂಥವನ್ನು ಮತ್ತೆ ಕಟ್ಟೋಕೆ ನಮ್ಮಿಂದ ಆಗಲ್ಲ.

ಆಮೇಲಿನದ್ದು ರಕ್ತಪಾತ. ಎಲ್ಫ್ ಎಲ್ಫನ್ನು ಕೊಂದ ಮೊದಲ ಸಲ ಅದು. ಫೆಯನೋರ್ ಹಡಗುಗಳನ್ನು ಕಿತ್ತುಕೊಂಡು ಹೋಗಿ, ಆಚೆ ದಡದಲ್ಲಿ ಕೆಲಸ ಮುಗಿದ ಮೇಲೆ ಸುಟ್ಟುಹಾಕ್ತಾನೆ.

ಇಲ್ಲಿ ಓಲ್ವೆಯದ್ದು ತಪ್ಪಾ? ಖಂಡಿತಾ ಅಲ್ಲ. ಹಲ್ಲೆ ಮಾಡಿದವನು ಫೆಯನೋರ್. ಟೋಲ್ಕಿನ್ ಈ ವಿಷಯದಲ್ಲಿ ಗೊಂದಲವನ್ನೇ ಇಟ್ಟಿಲ್ಲ. ಆದರೆ ಕತೆ ಅಲ್ಲಿಗೆ ನಿಲ್ಲಲ್ಲ. ನಂಗೆ ಮುಖ್ಯ ಅನ್ನಿಸೋದು ಅದರ ಬಾಲ. ನೂರಾರು ವರ್ಷ ಕಳೆದ ಮೇಲೆ ಈಚೆ ದಡದ ಜನ ನಾಶದ ಅಂಚಿಗೆ ಬಂದಾಗ ದೇವತೆಗಳು ಸೈನ್ಯ ಕಳಿಸ್ತಾರೆ. ಆ ಸೈನ್ಯ ಸಾಗಿಸೋಕೆ ನಾವಿಕರು ಬೇಕು. ಓಲ್ವೆಯ ಜನಕ್ಕೆ ಹಳೇ ಗಾಯ ಇನ್ನೂ ಮಾಗಿಲ್ಲ. ಕೊನೆಗೆ ಅವರದೇ ವಂಶದ ಎಲ್ವಿಂಗ್ ಬಂದು ಬೇಡಿಕೊಂಡ ಮೇಲೆ ಒಪ್ತಾರೆ, ಒಂದು ಕರಾರಿನ ಮೇಲೆ. ಹಡಗು ನಡೆಸ್ತೀವಿ, ನೆಲಕ್ಕೆ ಕಾಲಿಡಲ್ಲ. ಇಡೀ ಯುದ್ಧ ಅವರು ಡೆಕ್ಕಿನ ಮೇಲೇ ಕೂತಿರ್ತಾರೆ.

ಎಂಥಾ ಚಿತ್ರ ನೋಡಿ. ದಡ ಕಣ್ಣೆದುರಿಗೇ ಇದೆ, ಅಲ್ಲಿ ತಮ್ಮವರೇ ಸಾಯ್ತಾ ಇದ್ದಾರೆ, ಇವರು ಲಂಗರು ಹಾಕಿ ಕೂತಿದ್ದಾರೆ. ಆಲ್ಕ್ವಲೋಂದೆಯ ಜನ ಆ ರಾತ್ರಿ ತಕ್ಕೊಂಡ ಏಟು ಅವರ ಸುತ್ತ ಎದ್ದ ನಿಜವಾದ ಗೋಡೆ. ಸುರಕ್ಷಿತವಾಗಿ ಬದುಕಿದವರಿಗೆ ಒಂದೇ ಒಂದು ಸಲ ಅನ್ಯಾಯ ಆದರೆ ಸಾಕು, ಆಮೇಲೆ ಜಗತ್ತೆಲ್ಲಾ ತಮಗೆ ಸಾಲ ತೀರಿಸಬೇಕು ಅಂತ ಕಾಣೋಕೆ ಶುರುವಾಗುತ್ತೆ. ಅನ್ಯಾಯ ನಿಜವಾಗಿಯೂ ಆಗಿತ್ತು ಅನ್ನೋದೇ ಇದರಲ್ಲಿರುವ ಸಂಕಟ.

ಇನ್ನು ಈಚೆ ದಡ. ಕೀರ್ದಾನ್ ಇಲ್ಲಿ ಎರಡು ಬಂದರು ಕಟ್ಟಿಕೊಂಡಿದ್ದ, ಬ್ರಿಥೊಂಬಾರ್ ಮತ್ತು ಎಗ್ಲರೆಸ್ಟ್. ಬಂಧುಗಳ ಸಹಾಯದಿಂದ ಎತ್ತರದ ಗೋಡೆಗಳೂ ಎದ್ದವು. ಮೊರ್ಗೋತ್‌ನ ಸೈನ್ಯ ಬಂದಾಗ ಆ ಗೋಡೆಗಳು ಬಿದ್ದವು. ಉಳಿದವರು ಉಳಿದಿದ್ದು ಹಡಗು ಹತ್ತಿ. ಇದೇ ಹೊತ್ತಿಗೆ ತುರ್ಗೋನ್ ಅನ್ನುವ ಇನ್ನೊಬ್ಬ ರಾಜ ಗುಟ್ಟಾಗಿ ಗೊಂಡೋಲಿನ್ ಅನ್ನುವ ನಗರ ಕಟ್ಟಿ ಅದರೊಳಗೆ ಅಡಗಿ ಕೂತಿದ್ದ. ಅವನೂ ಮೊದಲು ಕಡಲತೀರದಲ್ಲೇ, ವಿನ್ಯಮಾರ್ ಅನ್ನುವಲ್ಲಿ ಇದ್ದವನು. ಒಂದು ದಿನ ಯಾರಿಗೂ ಹೇಳದೆ ಪ್ರಜೆಗಳ ಸಮೇತ ಬೆಟ್ಟಗಳ ನಡುವೆ ಹೊರಟುಹೋದ. ಗೊಂಡೋಲಿನ್ ಒಳಗೆ ಹೋದವರು ಹೊರಗೆ ಬರೋ ಹಾಗಿಲ್ಲ ಅಂತ ಕಾನೂನು. ಆದರೆ ದೇವತೆಗಳ ಸಹಾಯ ಕೇಳಬೇಕು ಅನ್ನಿಸಿದಾಗ ಅದೇ ತುರ್ಗೋನ್ ಯಾರ ಹತ್ತಿರ ದೂತರನ್ನು ಕಳಿಸಿದ ಹೇಳಿ? ಕೀರ್ದಾನ್ ಹತ್ತಿರ. ಏಳು ಹಡಗು ಕಟ್ಟಿಕೊಡು ಅಂತ.

ಕೀರ್ದಾನ್ ಕಟ್ಟಿಕೊಟ್ಟ. ಓಲ್ವೆ ಹೇಳಿದ ಹಾಗೆ ಇವು ಮತ್ತೆ ಹುಟ್ಟಲ್ಲ ಅನ್ನಲಿಲ್ಲ. ಏಳರಲ್ಲಿ ವಾಪಸ್ ಬಂದ ಸುದ್ದಿ ಒಂದೇ ಹಡಗಿನದು. ಅದರಲ್ಲಿ ಬದುಕಿ ಬಂದವನೂ ಒಬ್ಬನೇ ನಾವಿಕ. ಆಮೇಲೂ ಕೀರ್ದಾನ್ ಹಡಗು ಕಟ್ಟೋದು ಬಿಡಲಿಲ್ಲ. ಎಲ್ವಿಂಗ್‌ಳ ಗಂಡ ಎಯಾರೆಂದಿಲ್ ಕೊನೆಗೂ ಪಶ್ಚಿಮಕ್ಕೆ ಮುಟ್ಟಿ ಸಹಾಯ ತಂದಿದ್ದು ಕೀರ್ದಾನ್ ನೆರವಿನಿಂದ ಕಟ್ಟಿದ ಹಡಗಿನಲ್ಲೇ.

ಅಂದಹಾಗೆ ಕೀರ್ದಾನ್ ಅನ್ನೋದು ಹುಟ್ಟಿದಾಗ ಇಟ್ಟ ಹೆಸರಲ್ಲ. ಅದರ ಅರ್ಥವೇ ಹಡಗು ಕಟ್ಟುವವ. ಅವನ ಮೂಲ ಹೆಸರು ನೋವೆ, ಅದು ಯಾರಿಗೂ ನೆನಪಿಲ್ಲ. ರಾಜರ ಬಂಧು, ಬಂದರಿನ ಒಡೆಯ, ಅವನನ್ನು ಜನ ಕರೆಯೋದು ಕೆಲಸದ ಹೆಸರಿಂದ. ನಮ್ಮಲ್ಲಿ ಒಬ್ಬ ಅರಸನನ್ನು ಎಲ್ಲರೂ 'ಬಡಗಿ' ಅಂತ ಕರೆದು, ಅವನೂ ಅದಕ್ಕೇ ಓಗೊಟ್ಟ ಹಾಗೆ. ಉಳಿದ ಎಲ್ಫ್ ಒಡೆಯರ ಹೆಸರುಗಳಲ್ಲಿ ನಕ್ಷತ್ರ, ಬೆಳಕು, ಕಿರೀಟ ಇರುತ್ತೆ. ಇವನ ಹೆಸರಲ್ಲಿ ಮರ ಮತ್ತು ಮೊಳೆ.

*

ಈಗ ಗಡ್ಡಕ್ಕೆ ಬರೋಣ.

ಎಲ್ಫ್‌ಗಳ ಹತ್ತಿರ ಮೂರು ಉಂಗುರ ಇದ್ದವು ಅನ್ನೋದು ಸಿನಿಮಾ ನೋಡಿದವರಿಗೂ ಗೊತ್ತು. ಅವು ಮಾಡೋ ಕೆಲಸ ಏನು ಅಂತ ಕೇಳಿದರೆ ಬಹಳ ಜನ ತಡವರಿಸ್ತಾರೆ. ಯುದ್ಧದ ಆಯುಧ ಅಲ್ಲ ಅವು. ಇದ್ದದ್ದನ್ನು ಇದ್ದ ಹಾಗೇ ಉಳಿಸೋದು, ಕಾಲದ ಸವೆತ ತಡೆಯೋದು, ಇದು ಅವುಗಳ ಶಕ್ತಿ. ರಿವೆಂಡೆಲ್ ಮತ್ತು ಲೋಥ್ಲೋರಿಯನ್ ಹಾಗೆ ಹೊಳೆಯುತ್ತಿರೋದು ಎಲ್‌ರಾಂಡ್ ಮತ್ತು ಗಲಾಡ್ರಿಯಲ್ ಕೈಯಲ್ಲಿರುವ ಉಂಗುರಗಳಿಂದ. ಮುಖ್ಯ ಉಂಗುರ ಬೆಂಕಿಗೆ ಬಿದ್ದ ದಿನ ಇವುಗಳ ಬಲವೂ ಹೋಗುತ್ತೆ. ಅದಾದ ಮೇಲೆ ಅವರಿಗೆ ಉಳಿದಿರೋದು ಗಂಟುಮೂಟೆ ಕಟ್ಟೋದು ಮಾತ್ರ.

ಮೂರನೇ ಉಂಗುರ ನಾರ್ಯ, ಬೆಂಕಿಯ ಉಂಗುರ. ಅದು ಇದ್ದಿದ್ದು ಕೀರ್ದಾನ್ ಹತ್ತಿರ. ಮೂರನೇ ಯುಗ ಶುರುವಾಗಿ ಸುಮಾರು ಸಾವಿರ ವರ್ಷ ಆದಾಗ ಕಡಲ ಕಡೆಯಿಂದ ಒಬ್ಬ ಬೂದು ನಿಲುವಂಗಿಯ ಮುದುಕ ಬಂದಿಳಿದ. ನೋಡೋಕೆ ಸಾಧಾರಣ, ಕೈಯಲ್ಲೊಂದು ಕೋಲು. ಕೀರ್ದಾನ್ ಅವನನ್ನು ನೋಡಿ, ನಿನ್ನ ಕೆಲಸ ಕಷ್ಟದ್ದು, ಇದು ನಿನಗೇ ಬೇಕಾಗುತ್ತೆ ಅಂತ ಉಂಗುರ ತೆಗೆದು ಕೊಟ್ಟುಬಿಟ್ಟ. ಬಂದವನು ಗ್ಯಾಂಡಾಲ್ಫ್. ಫ್ರೋಡೊ ಹಡಗು ಹತ್ತಿದ್ದು ಮೂರನೇ ಯುಗದ 3021ರಲ್ಲಿ. ಅಂದರೆ ಎರಡು ಸಾವಿರ ವರ್ಷ ಆ ಬಂದರಿಗೆ ಯಾವ ಉಂಗುರದ ಕಾವಲೂ ಇರಲಿಲ್ಲ.

ಗಡ್ಡಕ್ಕೆ ಕಾರಣ ಇದೇ ಅಂತ ಟೋಲ್ಕಿನ್ ಎಲ್ಲೂ ಹೇಳಿಲ್ಲ. ಇದು ನನ್ನ ಓದು. ಆದರೆ ಪುಸ್ತಕದೊಳಗಿನ ವಿನ್ಯಾಸ ನೋಡಿ. ಉಂಗುರ ಇಟ್ಟುಕೊಂಡ ಇಬ್ಬರ ಮುಖದಲ್ಲಿ ವಯಸ್ಸು ಕಾಣಲ್ಲ. ಕೊಟ್ಟವನು ಮುದುಕನಾದ. ಉಂಗುರ ಇದ್ದ ಎರಡು ಊರು ಖಾಲಿಯಾದವು. ಇಲ್ಲದ ಊರು ಕೊನೇ ಹಡಗಿನ ತನಕ ತೆರೆದೇ ಇತ್ತು. ಗಡ್ಡ ಅವನು ಕಾಲಕ್ಕೆ ಕಟ್ಟಿದ ಬಾಡಿಗೆ. ಉಳಿದವರು ಅದನ್ನು ಕಟ್ಟದೇ ಇರೋಕೆ ಉಪಾಯ ಮಾಡಿಕೊಂಡಿದ್ದರು.

ಇದು ನಾನೇ ಎಳೆದು ತಂದ ಅರ್ಥ ಅಂತ ನಿಮಗೆ ಅನ್ನಿಸಿದರೆ ಟೋಲ್ಕಿನ್‌ನ ಪತ್ರಗಳನ್ನು ಓದಿ. 1954ರಲ್ಲಿ, ಮೊದಲ ಎರಡು ಸಂಪುಟ ಆಗತಾನೇ ಹೊರಬರ್ತಾ ಇದ್ದ ಕಾಲದಲ್ಲಿ, ಲೇಖಕಿ ನವೋಮಿ ಮಿಚಿಸನ್‌ಗೆ ಆತ ಒಂದು ಉದ್ದ ಪತ್ರ ಬರೆದ. ಅದರಲ್ಲಿ ತನ್ನ ಎಲ್ಫ್‌ಗಳನ್ನು ಸ್ವಲ್ಪವೂ ಮುಲಾಜಿಲ್ಲದೆ ಬೈದಿದ್ದಾನೆ. ಅವರಿಗೆ ಎರಡೂ ಕಡೆಯ ಸುಖ ಬೇಕಿತ್ತು, ಸಾಯುವವರ ಲೋಕದಲ್ಲಿ ಇರಬೇಕು, ಆದರೆ ಆ ಲೋಕ ಬದಲಾಗಬಾರದು ಅನ್ನೋದು ಅದರ ಸಾರ. ಹೆಣ ಕೆಡದ ಹಾಗೆ ಮದ್ದು ಹಾಕಿ ಇಡುವವರಿಗೆ ಅವರನ್ನು ಹೋಲಿಸ್ತಾನೆ. ಅವರು ಅಲ್ಲೇ ಉಳಿಯೋಕೆ ಬಹುಶಃ ಇನ್ನೊಂದು ಕಾರಣವೂ ಇತ್ತು ಅಂತಾನೆ: ಅಲ್ಲಿ ಅವರಿಗೆ ಮೇಲಿನ ಜಾತಿಯ ಸವಲತ್ತು ಸಿಗ್ತಾ ಇತ್ತು.

ಆತ ಬಳಸಿದ ಪದವೇ ಕಾಸ್ಟ್. ಇಂಗ್ಲಿಷಿನಲ್ಲಿ ಅದು ಸಡಿಲವಾಗಿ ಬಳಕೆಯಾಗುವ ಪದ, ಆಕ್ಸ್‌ಫರ್ಡ್ ಪ್ರೊಫೆಸರ್ ನಮ್ಮ ಊರಿನ ಜಾತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿರಲಿಕ್ಕಿಲ್ಲ. ಆದರೆ ಕನ್ನಡದಲ್ಲಿ ಯೋಚಿಸುವವನು ಅದನ್ನು ಸಡಿಲವಾಗಿ ಓದೋಕೆ ಆಗಲ್ಲ. ಆ ಸಾಲು ಓದಿ ನಾನು ಪುಸ್ತಕ ಮುಚ್ಚಿ ಬಾಲ್ಕನಿಗೆ ಹೋಗಿ ನಿಂತೆ. ಕೆಳಗೆ ನಮ್ಮ ಅಪಾರ್ಟ್‌ಮೆಂಟಿನ ಗೇಟು. ಫುಡ್ ತಂದ ಹುಡುಗ ರಿಜಿಸ್ಟರಿನಲ್ಲಿ ಹೆಸರು ಬರೀತಾ ಇದ್ದ. ಅವನಿಗೆ ಬೇರೆ ಲಿಫ್ಟು. ಒಳಗೆ ಹುಲ್ಲುಹಾಸು, ಕೊಳ, ಎಲ್ಲವೂ ತಂಪು. ಆ ಊಟ ಆರ್ಡರ್ ಮಾಡಿದ್ದು ನಾನೇ.

ಇಷ್ಟು ವರ್ಷ ಎಲ್ಫ್‌ಗಳಲ್ಲಿ ನನಗೆ ಇಷ್ಟವಾಗಿದ್ದು ಏನು ಅಂತ ಆಗ ಯೋಚನೆ ಬಂತು. ಅವರ ಹಾಡಾ, ಅವರ ಭಾಷೆಯಾ, ಅಥವಾ ಅವರ ಗೇಟಾ?

*

ಈಗ ಟೋಲ್ಕಿನ್ ಮೇಲೆ ನನ್ನ ತಕರಾರು. ಇಲ್ಲದಿದ್ದರೆ ಇದು ಭಜನೆ ಆಗಿಬಿಡುತ್ತೆ.

ಪತ್ರದಲ್ಲಿ ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಕಾದಂಬರಿಯಲ್ಲಿ ಆತ ಹೇಳಲ್ಲ. ಅಲ್ಲಿ ಎಲ್ಫ್‌ಗಳು ಹೊರಟರೆ ಎಲ್ಲರೂ ಅಳಬೇಕು, ಪ್ರಶ್ನೆ ಕೇಳಬಾರದು. ರಿವೆಂಡೆಲ್‌ನಲ್ಲಿ ಹಬ್ಬದೂಟ ಆಗುತ್ತೆ, ಅಡುಗೆಮನೆ ಕಾಣಲ್ಲ. ಗ್ರೇ ಹೇವನ್ಸ್‌ನಲ್ಲಿ ಬಿಳಿ ಹಡಗು ನಿಂತಿರುತ್ತೆ. ಮರ ಕಡಿದವರು ಯಾರು, ಹಾಯಿ ಹೊಲಿದವರು ಯಾರು, ಹಗ್ಗ ಹೊಸೆದವರು ಯಾರು, ಒಂದು ಸಾಲೂ ಇಲ್ಲ. ಶೈರ್‌ನ ಆಲೂಗಡ್ಡೆ ಬಗ್ಗೆ ಅಷ್ಟು ಬರೆದ ಮನುಷ್ಯನಿಗೆ ಕೆಲಸದ ಬಗ್ಗೆ ಬರೆಯೋಕೆ ಬರಲ್ಲ ಅನ್ನೋ ಹಾಗಿಲ್ಲ. ಸ್ಯಾಮ್‌ನ ತೋಟದ ಮಣ್ಣು ನಮ್ಮ ಉಗುರಿಗೂ ಅಂಟುತ್ತೆ. ಎಲ್ಫ್‌ಗಳ ವಿಷಯ ಬಂದಾಗ ಮಾತ್ರ ಆತ ಕೈ ತೊಳೆದುಕೊಂಡು ಕೂತುಬಿಡ್ತಾನೆ. ಹೆಸರಿನಲ್ಲೇ ಕಸುಬು ಇರುವ ಕೀರ್ದಾನ್ ಒಂದು ಸಲವೂ ನಮ್ಮೆದುರು ಉಳಿ ಹಿಡಿಯಲ್ಲ. ಇದು ದೊಡ್ಡ ನಷ್ಟ.

ಎರಡನೆಯದು, ಈ ಬಂದರು ಯಾರಿಗೆ? ಹಡಗು ಹತ್ತುವವರು ಎಲ್ಫ್‌ಗಳು. ಉಂಗುರ ಹೊತ್ತಿದ್ದಕ್ಕೆ ಫ್ರೋಡೊ ಮತ್ತು ಬಿಲ್ಬೋಗೆ ವಿಶೇಷ ಅನುಮತಿ. ಕೊನೇ ದೃಶ್ಯದಲ್ಲಿ ದಡದ ಮೇಲಿರುವವರ ವಂಶಾವಳಿ ನೋಡಿದರೆ ಇದು ಒಂದು ಮನೆತನದ ಖಾಸಗಿ ಸಮಾರಂಭ. ಗಲಾಡ್ರಿಯಲ್ ಓಲ್ವೆಯ ಮಗಳ ಮಗಳು. ಎಲ್‌ರಾಂಡ್ ಎಲ್ವೆಯ ಮರಿಮಗಳ ಮಗ. ಬೀಳ್ಕೊಡುವ ಕೀರ್ದಾನ್ ಅವರ ಬಂಧು. ಎಲ್‌ರಾಂಡ್‌ನ ಹೆಂಡತಿ, ಅಂದರೆ ಗಲಾಡ್ರಿಯಲ್ ಮಗಳು, ಐನೂರು ವರ್ಷ ಮೊದಲೇ ಇದೇ ದಾರಿಯಲ್ಲಿ ಹೋಗಿದ್ದಾಳೆ. ಸರಳವಾಗಿ ಹೇಳೋದಾದರೆ ದೊಡ್ಡಮನೆಯವರು ತವರಿಗೆ ವಾಪಸ್ ಹೋಗ್ತಾ ಇದ್ದಾರೆ. ಊರು ಉಳಿದವರ ಪಾಲಿಗೆ.

ಆದರೂ ಕೀರ್ದಾನ್‌ನನ್ನು ಆ ಪಟ್ಟಿಯಲ್ಲಿ ಪೂರ್ತಿ ಸೇರಿಸೋಕೆ ನನಗೆ ಮನಸ್ಸು ಬರಲ್ಲ. ಕಾದಂಬರಿಯ ಅನುಬಂಧದಲ್ಲಿ, ಬಹಳ ಜನ ಓದದೇ ಬಿಡುವ ಜಾಗದಲ್ಲಿ, ಒಂದು ಕತೆಯಿದೆ. ಉತ್ತರದ ಮನುಷ್ಯರ ರಾಜ್ಯ ಮುರಿದುಬಿದ್ದಿದೆ. ಅದರ ಕೊನೆಯ ರಾಜ ಅರ್ವೆದುಯಿ ಸೋತು, ಹಿಮದ ನಾಡಿಗೆ ಓಡಿ, ಅಲ್ಲಿನ ಬಡ ಬುಡಕಟ್ಟಿನ ಜನರ ಆಶ್ರಯದಲ್ಲಿ ಬದುಕಿದ್ದಾನೆ. ಈ ಸುದ್ದಿ ಕೀರ್ದಾನ್‌ಗೆ ಮುಟ್ಟುತ್ತೆ. ಅವನ ಕುಲದವನಲ್ಲ, ಅವನ ಪ್ರಜೆಯೂ ಅಲ್ಲ. ಹಿಮಗಡ್ಡೆ ತುಂಬಿದ ಆ ಕೊಲ್ಲಿಗೆ ಕೀರ್ದಾನ್ ಒಂದು ಹಡಗು ಕಳಿಸ್ತಾನೆ. ಬೇಸಿಗೆ ಬರೋ ತನಕ ಹತ್ತಬೇಡ ಅಂತ ಬುಡಕಟ್ಟಿನ ಮುಖ್ಯಸ್ಥ ಬುದ್ಧಿ ಹೇಳಿದರೂ ರಾಜ ಕೇಳಲ್ಲ. ಬಿರುಗಾಳಿ ಎದ್ದು ಹಡಗು ಹಿಮಕ್ಕೆ ಬಡಿದು ಮುಳುಗುತ್ತೆ, ರಾಜನೂ ಹೋದ, ಹೋದ ನಾವಿಕರೂ ಹೋದರು. ಅದೇ ವರ್ಷ, ಅಂದರೆ 1975ರಲ್ಲಿ, ದಕ್ಷಿಣದಿಂದ ಬಂದ ಮನುಷ್ಯರ ದೊಡ್ಡ ನೌಕಾಪಡೆಗೆ ತನ್ನ ಬಂದರು ಬಿಟ್ಟುಕೊಟ್ಟು, ಸುತ್ತಲಿನ ಜನರನ್ನೆಲ್ಲಾ ಕಲೆಹಾಕಿ, ಕೀರ್ದಾನ್ ತಾನೂ ಯುದ್ಧಕ್ಕೆ ಹೋಗ್ತಾನೆ. ಡೆಕ್ಕಿನ ಮೇಲೆ ಕೂರಲಿಲ್ಲ, ನೆಲಕ್ಕೆ ಇಳಿದ.

ಓಲ್ವೆಗೂ ಇವನಿಗೂ ವ್ಯತ್ಯಾಸ ಇಷ್ಟೇ. ಇಬ್ಬರೂ ಹಡಗು ಕಳಕೊಂಡರು. ಒಬ್ಬನಿಂದ ಕಿತ್ತುಕೊಂಡರು, ಇನ್ನೊಬ್ಬ ಕೊಟ್ಟು ಕಳಕೊಂಡ. ಒಬ್ಬನಿಗೆ ಅದು ಎಂದೂ ಮಾಗದ ಗಾಯ, ಇನ್ನೊಬ್ಬನಿಗೆ ನಾಳೆಯ ಕೆಲಸ.

ಅಮೆಜಾನ್‌ನ 'ರಿಂಗ್ಸ್ ಆಫ್ ಪವರ್' ಸರಣಿಯ ಎರಡನೇ ಸೀಸನ್ 2024ರಲ್ಲಿ ಬಂತು, ಅದರಲ್ಲಿ ಕೀರ್ದಾನ್‌ಗೆ ಸಾಕಷ್ಟು ಜಾಗ ಸಿಕ್ಕಿದೆ. ಮೂರೂ ಉಂಗುರಗಳನ್ನು ಕಡಲಿಗೆ ಎಸೆಯೋಕೆ ಹೋಗಿ, ಅವುಗಳ ಚಂದಕ್ಕೆ ಮರುಳಾಗಿ ಒಂದನ್ನು ತಾನೇ ತೊಟ್ಟುಕೊಳ್ತಾನೆ. ಮಾತುಗಾರ ಕೀರ್ದಾನ್, ಉಂಗುರದ ಪರ ವಕೀಲಿ ಮಾಡುವ ಕೀರ್ದಾನ್. ಬೆನ್ ಡೇನಿಯಲ್ಸ್ ನಟನೆ ಚೆನ್ನಾಗಿದೆ, ಬೇಜಾರಿಲ್ಲ. ಆದರೆ ಉಂಗುರ ತೊಟ್ಟುಕೊಂಡ ಕ್ಷಣವನ್ನು ಅಷ್ಟು ಸಂಭ್ರಮದಿಂದ ತೋರಿಸಿದವರಿಗೆ ಆ ಪಾತ್ರದ ಜೀವ ಇರೋದು ಬಿಚ್ಚಿಕೊಟ್ಟ ಕ್ಷಣದಲ್ಲಿ ಅನ್ನೋದು ಹೊಳೆದ ಹಾಗೆ ಕಾಣಲಿಲ್ಲ.

*

ಟೋಲ್ಕಿನ್ ಹುಟ್ಟಿದ್ದು 1892ರಲ್ಲಿ, ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ. ಮೂರು ವರ್ಷದ ಮಗು ಇದ್ದಾಗ ಅಮ್ಮ ಮತ್ತು ತಮ್ಮನ ಜೊತೆ ಹಡಗು ಹತ್ತಿ ಇಂಗ್ಲೆಂಡಿಗೆ ಬಂದ. ಆಮೇಲೆ ಬರ್ತೀನಿ ಅಂತ ಉಳಿದ ಅಪ್ಪ ಬರಲೇ ಇಲ್ಲ, 1896ರಲ್ಲಿ ಅಲ್ಲೇ ತೀರಿಕೊಂಡ. ಇದಕ್ಕೂ ಕೀರ್ದಾನ್‌ಗೂ ಗಂಟು ಹಾಕೋಕೆ ನಾನು ಹೋಗಲ್ಲ, ಸಾಹಿತ್ಯ ಹಾಗೆ ಹುಟ್ಟಲ್ಲ. ಆದರೆ ಹಡಗು ದೂರ ಹೋಗೋದನ್ನು ದಡದಿಂದ ನೋಡುವ ಮನುಷ್ಯನನ್ನು ಈತ ಮತ್ತೆ ಮತ್ತೆ ಬರೆದ ಅನ್ನೋದಂತೂ ನಿಜ.

ಗ್ರೇ ಹೇವನ್ಸ್‌ನ ದೃಶ್ಯವನ್ನು ನಾವು ಯಾವಾಗಲೂ ಹೊರಟವರ ಕಡೆಯಿಂದ ಓದ್ತೀವಿ. ನಮ್ಮ ವಯಸ್ಸೇ ಅಂಥದ್ದು. ವೀಸಾ, ಆಫರ್ ಲೆಟರ್, ಫೇರ್‌ವೆಲ್ ಪಾರ್ಟಿ, ನಮ್ಮ ಗ್ಯಾಂಗಿನಲ್ಲಿ ವರ್ಷಕ್ಕೆ ಇಬ್ಬರಾದರೂ ಹೊರಡ್ತಾರೆ. ಮುಂದೊಂದು ದಿನ ನಾನೂ ಹೊರಡಬಹುದು, ಅದರಲ್ಲಿ ತಪ್ಪು ಅಂತ ಹೇಳೋಕೆ ಈ ಕತೆ ತಂದಿದ್ದಲ್ಲ. ಟೋಲ್ಕಿನ್ ಕೂಡಾ ಹೊರಟವರನ್ನು ದೂರಲ್ಲ. ಫ್ರೋಡೋಗೆ ಆದ ಗಾಯಕ್ಕೆ ಈ ದಡದಲ್ಲಿ ಮದ್ದಿರಲಿಲ್ಲ, ಅವನು ಹೋಗಲೇಬೇಕಿತ್ತು.

ಈ ಸಲ ಓದುವಾಗ ನಾನು ಹಡಗನ್ನು ಬಿಟ್ಟು ದಡ ನೋಡಿದೆ. ಅಲ್ಲಿ ಸ್ಯಾಮ್ ಇದ್ದಾನೆ, ರಾತ್ರಿ ಬಹಳ ಹೊತ್ತಿನ ತನಕ ಅಲೆಗಳ ಸದ್ದು ಕೇಳುತ್ತಾ ನಿಂತಿದ್ದಾನೆ. ಆಮೇಲೆ ಮನೆಗೆ ಹೋಗ್ತಾನೆ, ಅಲ್ಲಿ ಹೆಂಡತಿ ಇದ್ದಾಳೆ, ಕೂಸಿದೆ, ದೀಪ ಹಚ್ಚಿಟ್ಟಿದ್ದಾರೆ, ಊಟ ಕಾಯ್ತಾ ಇದೆ. ಅವನದ್ದು ಪರವಾಗಿಲ್ಲ. ಆ ಮುದುಕನ ವಿಷಯ ಏನು? ಅವನು ಯಾವ ಮನೆಗೆ ಹೋದ? ಪುಸ್ತಕ ಹೇಳಲ್ಲ. ಹಡಗು ಕಣ್ಮರೆಯಾದ ಮೇಲೆ ಕೀರ್ದಾನ್ ಏನು ಮಾಡಿದ ಅಂತ ಒಂದು ಸಾಲಿಲ್ಲ. ಕೊನೇ ಹಡಗು ಹೊರಡುವ ತನಕ ಅವನು ಅಲ್ಲೇ ಇರ್ತಾನೆ ಅನ್ನೋದಷ್ಟೇ ನಮಗೆ ಗೊತ್ತು. ಆ ಕೊನೇ ಹಡಗಿನ ಕತೆಯನ್ನು ಟೋಲ್ಕಿನ್ ಬರೆಯಲೇ ಇಲ್ಲ.

ಬರೆಯದೇ ಇದ್ದಿದ್ದು ಒಳ್ಳೇದಾಯ್ತು. ಬಹುಶಃ ಮಾರನೇ ಬೆಳಿಗ್ಗೆ ಎದ್ದು ಅವನು ಮರ ನೋಡೋಕೆ ಹೋಗಿರ್ತಾನೆ. ಮುಂದಿನ ಹಡಗಿಗೆ ಬೇಕಲ್ಲ.